ಆಕಾಶದಿಂದ ನೀರಿನ ಲೆಕ್ಕ

ನಮ್ಮ ಬೂದಿಗೆರೆಯ ಕಡೆ ರೈತನು ಅಳೆಯದೆ ಬಿಡುವ ಪದಾರ್ಥ ಬಹಳ ಕಡಮೆ. ಬೆಳಗ್ಗೆ ಹಾಲನ್ನು ಡೈರಿಗೆ ಕೊಂಡೊಯ್ದರೆ ಎಷ್ಟು ಲೀಟರು ಎಂಬುದಷ್ಟೇ ಅಲ್ಲದೆ, ಅದರಲ್ಲಿ ಜಿಡ್ಡು ಎಷ್ಟು, ನೀರು ಬೆರೆಸಿದ್ದುಂಟೆ ಎಂಬುದೂ ಯಂತ್ರದಿಂದ ಗೊತ್ತಾಗಿ ಚೀಟಿಗೆ ಏರುತ್ತದೆ. ರೇಷ್ಮೆಗೂಡು ತೂಕಕ್ಕೆ ಬೀಳುತ್ತದೆ. ದ್ರಾಕ್ಷಿಗೆ ತಕ್ಕಡಿಯುಂಟು, ರಾಗಿಗೆ ಸೇರು ಪಲ್ಲಗಳು ಹೋಗಿ ಕ್ವಿಂಟಾಲು ಬಂದಿದೆ, ನೆಲಕ್ಕಂತೂ ಗುಂಟೆ ಗುಂಟೆಗೂ ಲೆಕ್ಕ. ಇಷ್ಟೆಲ್ಲಕ್ಕೂ ಮೂಲವಾದ ನೀರು ಮಾತ್ರ ಯಾವ ಅಳತೆಗೂ ಸಿಕ್ಕದೆ ಹರಿದುಹೋಗುತ್ತದೆ. ಒಂದು ಎಕರೆ ದ್ರಾಕ್ಷಿತೋಟಕ್ಕೆ ವರ್ಷಕ್ಕೆ ಎಷ್ಟು ಲೀಟರು ನೀರು ಕೊಟ್ಟಿರಿ ಎಂದು ಯಾರನ್ನಾದರೂ ಕೇಳಿನೋಡಿ. "ಮೂರು ಫೇಸು ಕರೆಂಟು ಇರುವಷ್ಟು ಹೊತ್ತು ಬಿಡ್ತೀವಿ ಸ್ವಾಮಿ" ಎಂಬ ಉತ್ತರ ಬರುತ್ತದೆ. ಆ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದರಲ್ಲಿ ಲೀಟರೂ ಇಲ್ಲ.

ಹೀಗಾಗಲು ಕಾರಣವೂ ಸ್ಪಷ್ಟವಾಗಿದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತ; ಹಣ ಕಟ್ಟಬೇಕಾಗಿಲ್ಲದಿರುವಲ್ಲಿ ಮೀಟರನ್ನು ಓದುವವರು ಯಾರು? ವಿದ್ಯುತ್ತಿನ ಲೆಕ್ಕವಿದ್ದಿದ್ದರೆ ಅದರ ಬಾಲ ಹಿಡಿದು ನೀರಿನ ಲೆಕ್ಕಕ್ಕೂ ಹೋಗಬಹುದಾಗಿತ್ತು. ಈಗ ಎರಡೂ ಇಲ್ಲ. ಹಾಗಾದರೆ ತಾಲ್ಲೂಕಿನ ಅಂತರ್ಜಲವೆಷ್ಟು ಖರ್ಚಾಯಿತೆಂದು ಸರಕಾರದವರು ಪ್ರಕಟಿಸುತ್ತಾರಲ್ಲ, ಅದು ಹೇಗೆ ಎಂದು ನೀವು ಕೇಳಬಹುದು. ಬಹುಮಟ್ಟಿಗೆ ಅದು ಗುಣಾಕಾರದಿಂದ ಬಂದದ್ದು. ಕೊಳವೆಬಾವಿಗಳು ಇಷ್ಟು, ಒಂದೊಂದು ಬಾವಿ ವರ್ಷಕ್ಕೆ ಸರಾಸರಿ ಎತ್ತುವ ನೀರು ಇಷ್ಟು ಎಂದು ಹಿಡಿದು ಗುಣಿಸುವುದು. ಬಾವಿಯ ಸಂಖ್ಯೆಯನ್ನು ಎಣಿಸಬಹುದು, ಅದರಲ್ಲಿ ಬತ್ತಿದ್ದೆಷ್ಟು ಜೀವಂತವೆಷ್ಟು ಎಂಬುದು ಮಾತ್ರ ಪ್ರತಿ ಬೇಸಗೆಗೂ ಬದಲಾಗುತ್ತದೆ. ಸರಾಸರಿಯೆಂಬುದಂತೂ ಹಿಡಿದದ್ದು, ಅಳೆದದ್ದಲ್ಲ.

ಹೀಗೆ ಬಂದ ಲೆಕ್ಕದ ಮೇಲೆ ದೊಡ್ಡ ತೀರ್ಮಾನಗಳು ನಿಂತಿವೆ. ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳೂ, ಎಂದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಅತಿಬಳಕೆಯ ಪಟ್ಟಿಯಲ್ಲಿ ಸೇರಿವೆ. ಮಳೆಯಿಂದ ವರ್ಷಕ್ಕೆ ಭೂಮಿಯೊಳಕ್ಕೆ ಇಳಿದು ಎತ್ತಲು ಒದಗುವ ನೀರಿಗಿಂತ ಹೆಚ್ಚು ನೀರನ್ನು ನಾವು ಮೇಲಕ್ಕೆ ಎತ್ತುತ್ತಿದ್ದೇವೆಂಬುದು ಇದರ ಅರ್ಥ. 2011ರ ಕರ್ನಾಟಕ ಅಂತರ್ಜಲ ಕಾಯಿದೆಯ ಪ್ರಕಾರ, ಅಧಿಸೂಚಿತವಾದ ಇಂಥ ಪ್ರದೇಶದಲ್ಲಿ ಹೊಸ ಬಾವಿ ಕೊರೆಯಬೇಕಾದರೆ ಅನುಮತಿ ಬೇಕು. ಬಾವಿಯ ಆಳ ಸಾವಿರ ಅಡಿ ದಾಟಿರುವುದನ್ನು ಕಣ್ಣಾರೆ ಕಂಡವರಿಗೆ ಅತಿಬಳಕೆಯೆಂಬ ಮಾತಿನಲ್ಲಿ ಸಂಶಯ ಬರಲಾರದು. ಆದರೆ ಯಾವ ಗ್ರಾಮದಲ್ಲಿ ಎಷ್ಟು, ಯಾವ ಬೆಳೆಗೆ ಎಷ್ಟು, ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚೋ ಕಡಮೆಯೋ ಎಂದು ಕೇಳಿದರೆ ಗುಣಾಕಾರದ ಲೆಕ್ಕ ಬಾಯಿ ಬಿಡುವುದಿಲ್ಲ. ಇಲ್ಲಿಯೇ ಉಪಗ್ರಹದ ಮಾತು ಬರುತ್ತದೆ.

ನಮ್ಮ ಊರಿನ ಹೆಸರಿನಲ್ಲಿಯೇ ಕೆರೆಯಿದೆ. ಬೂದಿ, ಕೆರೆ ಎರಡೂ ಸೇರುವಾಗ ಕಕಾರಕ್ಕೆ ಗಕಾರ ಬಂದು ಬೂದಿಗೆರೆಯಾಯಿತು. ಆದೇಶಸಂಧಿಗೆ ನಾನು ತರಗತಿಯಲ್ಲಿ ಕೊಡುವ ಮೊದಲನೆಯ ಉದಾಹರಣೆ ಅದೇ. ಕೆರೆಯ ಕಾಲದಲ್ಲಿ ನೀರಿಗೆ ಅಳತೆಯಿರಲಿಲ್ಲವೆಂದು ತಿಳಿಯಬಾರದು. ತೂಬಿನ ಬಳಿ ನೀರುಗಂಟಿ ಇರುತ್ತಿದ್ದನು. ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಸರದಿಯ ಮೇಲೆ ನಡೆಯುತ್ತಿತ್ತು. ನೆಲವನ್ನೇ ಬಿತ್ತುವ ಬೀಜದಿಂದ ಅಳೆದು, ಖಂಡುಗದ ಗದ್ದೆ, ಕೊಳಗದ ಗದ್ದೆ ಎನ್ನುತ್ತಿದ್ದ ಜನ ಅವರು. ಕೆರೆಯನ್ನು ಕಟ್ಟಿಸಿದವನಿಗೂ ಕಾಪಾಡಿದವನಿಗೂ ಸಲ್ಲಬೇಕಾದ ಪಾಲನ್ನು ನಮ್ಮ ಶಾಸನಗಳು ಬಿತ್ತುವಟ್ಟ ಎಂಬ ಹೆಸರಿನಿಂದ ಹೇಳುತ್ತವೆ. ನೀರುಗಂಟಿಯ ಬಳಿ ಯಾವ ಉಪಕರಣವೂ ಇರಲಿಲ್ಲ. ಅವನು ಪೈರಿನ ಬಣ್ಣವನ್ನು ನೋಡುತ್ತಿದ್ದನು, ಗದ್ದೆಗೆ ಇಳಿದು ಮಣ್ಣನ್ನು ಮುಟ್ಟುತ್ತಿದ್ದನು. ಏಳುನೂರು ಎಂಟುನೂರು ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹವೂ ಮಾಡುವುದು ಹೆಚ್ಚು ಕಡಮೆ ಇದನ್ನೇ. ಬಣ್ಣ ನೋಡುತ್ತದೆ, ಬಿಸಿಯೋ ತಂಪೋ ಎಂದು ನೋಡುತ್ತದೆ. ಆಮೇಲಿನದೆಲ್ಲ ಲೆಕ್ಕ.

ಮೊದಲು ಬಣ್ಣದ ಸಂಗತಿ. ಎಲೆಯ ಹಸುರು ಸೂರ್ಯನ ಕೆಂಪು ಬೆಳಕನ್ನು ತನ್ನ ಆಹಾರ ತಯಾರಿಕೆಗಾಗಿ ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ, ಕೆಂಪಿನ ಆಚೆಗಿರುವ ಬೆಳಕನ್ನು, ಅವಕೆಂಪು ಎನ್ನೋಣ, ಬಹುಪಾಲು ಹಿಂದಕ್ಕೆ ಎಸೆಯುತ್ತದೆ. ಬರಿಯ ಮಣ್ಣಿನಲ್ಲಿ ಈ ಎರಡಕ್ಕೂ ಅಷ್ಟು ವ್ಯತ್ಯಾಸವಿಲ್ಲ. ಆದುದರಿಂದ ಅವಕೆಂಪಿನಿಂದ ಕೆಂಪನ್ನು ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ದಟ್ಟವಾಗಿ ಬೆಳೆದ ತೋಟದ ಮೇಲೆ ಅದು ಒಂದರ ಹತ್ತಿರ ಹತ್ತಿರ ಹೋಗುತ್ತದೆ. ಉತ್ತ ಹೊಲದ ಮೇಲೆ ಸೊನ್ನೆಯ ಬಳಿ ನಿಲ್ಲುತ್ತದೆ. ತುಂಬಿದ ಕೆರೆಯ ಮೇಲೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಇದನ್ನು ಸಸ್ಯಸೂಚಿ ಎಂದು ಕರೆಯಬಹುದು.

ಯೂರೋಪಿನವರ ಸೆಂಟಿನೆಲ್-2 ಎಂಬ ಜೋಡಿ ಉಪಗ್ರಹಗಳು ಐದು ದಿನಕ್ಕೊಮ್ಮೆ ನಮ್ಮ ತಲೆಯ ಮೇಲೆ ಹಾದುಹೋಗುತ್ತವೆ. ಅವುಗಳ ಚಿತ್ರದಲ್ಲಿ ಒಂದೊಂದು ಚುಕ್ಕೆಯೂ ನೆಲದ ಮೇಲೆ ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲ; ಎಂದರೆ ನೂರು ಚದರ ಮೀಟರು. ನಮ್ಮ ಗುಂಟೆ ಎಷ್ಟು? ನೂರ ಒಂದು ಚದರ ಮೀಟರಿಗೆ ತುಸು ಮೇಲೆ. ನಮ್ಮ ಶಾನುಭೋಗರ ಲೆಕ್ಕವೂ ಆಕಾಶದ ಲೆಕ್ಕವೂ ಹೀಗೆ ಒಂದೇ ಅಳತೆಗೆ ಬಂದು ನಿಂತಿರುವುದು ಕಾಕತಾಳೀಯವೇ ಸರಿ, ಆದರೂ ವಿದ್ಯಾರ್ಥಿಗಳಿಗೆ ವಿವರಿಸುವಾಗ ಇದರಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಒಂದು ಎಕರೆಗೆ ನಲವತ್ತು ಗುಂಟೆ, ನಲವತ್ತು ಚುಕ್ಕೆ. ಇನ್ನೊಂದು ಅನುಕೂಲವನ್ನೂ ಗಮನಿಸಿರಿ. ಒಂದು ಗುಂಟೆಯ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ನೂರು ಲೀಟರು, ಏಳೆಂಟು ಕೊಡ. ಎಕರೆಯ ಮೇಲಾದರೆ ನಾಲ್ಕು ಸಾವಿರ ಲೀಟರಿಗೆ ತುಸು ಹೆಚ್ಚು.

ಬಣ್ಣದಿಂದ ನೀರಿಗೆ ಹೋಗುವ ದಾರಿ ಹೀಗೆ. ಬಿಸಿಲು, ಗಾಳಿ, ತೇವ ಇವನ್ನು ತಿಳಿದರೆ, ನೀರಿಗೆ ಕೊರತೆಯಿಲ್ಲದ ಮೋಟು ಹುಲ್ಲಿನ ಬಯಲೊಂದು ದಿನಕ್ಕೆ ಎಷ್ಟು ನೀರನ್ನು ಆವಿಯಾಗಿ ಬಿಟ್ಟೀತೆಂಬುದನ್ನು ಲೆಕ್ಕ ಹಾಕಬಹುದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಪೆನ್‌ಮನ್ ಎಂಬ ವಿಜ್ಞಾನಿ 1948ರಲ್ಲಿ ಇದಕ್ಕೆ ತಳಹದಿ ಹಾಕಿದನು. ಮಾಂಟೀತ್ ಎಂಬವನು 1965ರಲ್ಲಿ ಅದನ್ನು ಗಿಡದ ಎಲೆಗೆ ಹೊಂದಿಸಿದನು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1998ರಲ್ಲಿ ಅದನ್ನು ಎಲ್ಲ ದೇಶಗಳಿಗೂ ಒಂದೇ ಪದ್ಧತಿಯಾಗಿ ಪ್ರಕಟಿಸಿತು. ನಮ್ಮ ಸೀಮೆಯ ಬೇಸಗೆಯ ಒಂದು ದಿನಕ್ಕೆ ಐದು ಮಿಲಿಮೀಟರು ಎಂದು ಉದಾಹರಣೆಗಾಗಿ ಹಿಡಿಯೋಣ. ಸಸ್ಯಸೂಚಿಯನ್ನು ನೋಡಿ, ಈ ತೋಟ ಆ ಹುಲ್ಲಿನ ಹತ್ತರಲ್ಲಿ ಎಂಟು ಪಾಲಿನಷ್ಟು ನೀರು ಕುಡಿಯುತ್ತಿದೆಯೆಂದು ತಿಳಿದರೆ, ನಾಲ್ಕು ಮಿಲಿಮೀಟರು. ಎಕರೆಗೆ ದಿನಕ್ಕೆ ಹದಿನಾರು ಸಾವಿರ ಲೀಟರು. ಮೂವತ್ತು ದಿನಕ್ಕೆ ನಾಲ್ಕು ಲಕ್ಷದ ಎಂಬತ್ತು ಸಾವಿರದ ಮೇಲೆ. ಪಟ್ಟಣದ ಶ್ರೋತೃಗಳಿಗೆ ಲೀಟರಿಗಿಂತ ಟ್ಯಾಂಕರು ಹೆಚ್ಚು ಪರಿಚಿತವಾದ್ದರಿಂದ ಹೀಗೂ ಹೇಳಬಹುದು: ಆರು ಸಾವಿರ ಲೀಟರಿನ ಟ್ಯಾಂಕರುಗಳು ತಿಂಗಳಿಗೆ ಎಂಬತ್ತು, ಒಂದೇ ಒಂದು ಎಕರೆಗೆ.

ಎರಡನೆಯ ದಾರಿ ಶಾಖದ್ದು. ನನಗೆ ಇದು ಮೊದಲನೆಯದಕ್ಕಿಂತ ಸೊಗಸಾಗಿ ಕಾಣುತ್ತದೆ. ಬೇಸಗೆಯಲ್ಲಿ ಮಡಕೆಯ ನೀರು ತಣ್ಣಗಿರುವುದೇಕೆ? ಮಡಕೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ. ಒಂದು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಲು ಬೇಕಾಗುವ ಶಾಖಕ್ಕಿಂತ ಅದನ್ನು ಆವಿಯಾಗಿಸಲು ಏಳೆಂಟು ಪಾಲು ಹೆಚ್ಚು ಶಾಖ ಬೇಕು. ಇದೇ ನಿಯಮ ಎಲೆಗೂ ಉಂಟು. ಬೇರಿಗೆ ನೀರು ಸಿಗುತ್ತಿರುವ ಗಿಡ ಬೆವರುತ್ತದೆ, ಅದರ ಎಲೆ ತಂಪಾಗಿರುತ್ತದೆ. ಪಕ್ಕದ ಒಣಹೊಲ ಕಾದ ಬಾಣಲೆಯಂತಿರುತ್ತದೆ. ಸೂರ್ಯನಿಂದ ನೆಲಕ್ಕೆ ಬಂದ ಶಕ್ತಿಯಲ್ಲಿ ಸ್ವಲ್ಪ ಮಣ್ಣನ್ನು ಕಾಯಿಸಲು ಹೋಯಿತು, ಸ್ವಲ್ಪ ಗಾಳಿಯನ್ನು ಕಾಯಿಸಲು ಹೋಯಿತು, ಮಿಕ್ಕದ್ದು ನೀರನ್ನು ಆವಿಯಾಗಿಸಲು ಹೋಯಿತು. ಮೊದಲ ಎರಡನ್ನೂ ಲೆಕ್ಕ ಹಾಕಿ ಕಳೆದುಬಿಟ್ಟರೆ ಮೂರನೆಯದು ತಾನಾಗಿ ಉಳಿಯುತ್ತದೆ. ಹಾಲೆಂಡಿನ ಬಾಸ್ಟಿಯಾನ್ಸೆನ್ ಎಂಬ ತಜ್ಞರು 1998ರಲ್ಲಿ ಪ್ರಕಟಿಸಿದ ಸೆಬಾಲ್ ಎಂಬ ವಿಧಾನ ಇದು. ಒಂದೇ ಚಿತ್ರದೊಳಗೆ ಅತ್ಯಂತ ತಂಪಾದ ಹಸುರು ಚುಕ್ಕೆಯನ್ನೂ ಅತ್ಯಂತ ಬಿಸಿಯಾದ ಒಣ ಚುಕ್ಕೆಯನ್ನೂ ಆರಿಸಿಕೊಂಡು, ಮಿಕ್ಕ ಚುಕ್ಕೆಗಳನ್ನೆಲ್ಲ ಅವೆರಡರ ನಡುವೆ ಇಟ್ಟು ತೂಗುವುದು ಅದರ ಜಾಣತನ. ಅಮೆರಿಕದ ಐಡಾಹೋದಲ್ಲಿ ಆಲೆನ್ ಎಂಬವರು ಮತ್ತು ಅವರ ಸಂಗಡಿಗರು 2007ರಲ್ಲಿ ಇದನ್ನು ಇನ್ನಷ್ಟು ಒಪ್ಪ ಮಾಡಿದರು.

ಆದರೆ ಶಾಖವನ್ನು ನೋಡುವ ಕಣ್ಣು ಬಣ್ಣ ನೋಡುವ ಕಣ್ಣಿನಷ್ಟು ಚುರುಕಲ್ಲ. 2013ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-8, 2021ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-9 ಎರಡೂ ಸೇರಿ ಎಂಟು ದಿನಕ್ಕೊಮ್ಮೆ ನಮ್ಮ ಮೇಲೆ ಬರುತ್ತವೆ. ಅವುಗಳ ಶಾಖದ ಚುಕ್ಕೆ ಮೂಲತಃ ನೂರು ಮೀಟರಿನದು. ಎಂದರೆ ಸುಮಾರು ಎರಡೂವರೆ ಎಕರೆಗೆ ಒಂದೇ ಚುಕ್ಕೆ. ನಮ್ಮಲ್ಲಿ ಎರಡೂವರೆ ಎಕರೆಯಲ್ಲಿ ಅಣ್ಣನ ದ್ರಾಕ್ಷಿ, ತಮ್ಮನ ಹಿಪ್ಪುನೇರಳೆ, ದಾಯಾದಿಯ ಬೀಳುಭೂಮಿ, ಜೊತೆಗೆ ನಡುವೆ ಒಂದು ಬಂಡೆ ಇಷ್ಟೂ ಇರಬಹುದು. ಅಮೆರಿಕದಲ್ಲಿ ಒಬ್ಬನದೇ ನೂರಾರು ಎಕರೆಯ ದುಂಡನೆಯ ಹೊಲವನ್ನು ನೋಡಿ ರೂಪಿಸಿದ ವಿಧಾನವನ್ನು ಹಾಗೆಯೇ ಇಲ್ಲಿ ತಂದು ಹೊಂದಿಸಿದರೆ ಅಣ್ಣನ ನೀರು ತಮ್ಮನ ಖಾತೆಗೆ ಬೀಳುವುದು ನಿಶ್ಚಯ. ಈ ಕೊರತೆಯನ್ನು ನೀಗಲೆಂದು ನಮ್ಮ ಇಸ್ರೋ ಸಂಸ್ಥೆಯೂ ಫ್ರಾನ್ಸಿನವರೂ ಸೇರಿ ಸುಮಾರು ಅರವತ್ತು ಮೀಟರಿನ ಶಾಖದ ಚುಕ್ಕೆಯುಳ್ಳ ಒಂದು ಉಪಗ್ರಹದ ಯೋಜನೆಯನ್ನು ಕೈಗೊಂಡಿದ್ದಾರೆ. ಇಂಗ್ಲಿಷಿನ ಹಲವು ಪದಗಳ ಮೊದಲಕ್ಷರಗಳನ್ನು ಜೋಡಿಸಿ ಅದಕ್ಕೆ ತೃಷ್ಣಾ ಎಂದು ಹೆಸರಿಟ್ಟಿದ್ದಾರೆ. ತೃಷ್ಣೆಯೆಂದರೆ ಬಾಯಾರಿಕೆ, ಆಸೆಯೆಂಬುದೂ ಅದರ ಇನ್ನೊಂದು ಅರ್ಥ. ಅಂತರ್ಜಲದ ವಿಷಯದಲ್ಲಿ ಎರಡು ಅರ್ಥವೂ ಒಪ್ಪುತ್ತದೆ.

ಮೋಡವಿದ್ದರೆ ಈ ಎರಡು ಕಣ್ಣೂ ಕುರುಡು. ಆಷಾಢ ಶ್ರಾವಣಗಳಲ್ಲಿ ನಮ್ಮ ಆಕಾಶ ಹೇಗಿರುತ್ತದೆಂಬುದು ನಿಮಗೆ ಗೊತ್ತು. ಆಗ ಸಹಾಯಕ್ಕೆ ಬರುವುದು ರೇಡಾರು. ನಿಮ್ಮ ಮನೆಯ ರೇಡಿಯೋ ಪೆಟ್ಟಿಗೆಗೆ ಈ ಭಾಷಣವನ್ನು ತಂದ ಅಲೆಯ ಜಾತಿಯದೇ ಅದೂ ಕೂಡ. ಮೋಡದೊಳಗೆ ಹಾಯ್ದು ಬಂದು, ನೆಲವನ್ನು ತಟ್ಟಿ ಹಿಂದಿರುಗುತ್ತದೆ. ತೇವವಾದ ಮಣ್ಣು ಒಣಮಣ್ಣಿಗಿಂತ ಬೇರೆ ರೀತಿಯಲ್ಲಿ ಅದಕ್ಕೆ ಮಾರ್ದನಿ ಕೊಡುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಎಂಬ ಉಪಗ್ರಹ, ಭಾರತ ಅಮೆರಿಕಗಳು ಕೂಡಿ ಕಟ್ಟಿದ್ದು, ಸುಮಾರು 24 ಸೆಂಟಿಮೀಟರಿನ ಅಲೆಯನ್ನೂ ಅದಕ್ಕಿಂತ ಗಿಡ್ಡವಾದ ಇನ್ನೊಂದು ಅಲೆಯನ್ನೂ ಬಳಸಿ 12 ದಿನಕ್ಕೊಮ್ಮೆ ಅದೇ ನೆಲವನ್ನು ಮತ್ತೆ ನೋಡುವಂತೆ ರಚಿತವಾಗಿದೆ. 1975ರಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟವನ್ನು ಕಟ್ಟಿದ ಊರು ಬೆಂಗಳೂರು. 1979ರ ಭಾಸ್ಕರ, 1988ರ ಐಆರ್‌ಎಸ್-1ಎ ಇವುಗಳಿಂದ ಹಿಡಿದು ಭೂಮಿಯನ್ನು ನೋಡುವ ವಿದ್ಯೆ ನಮ್ಮ ನೆರೆಯಲ್ಲೇ ಬೆಳೆದದ್ದು. ಅದರ ಫಲ ಮೂವತ್ತು ಕಿಲೋಮೀಟರು ದಾಟಿ ನಮ್ಮ ಹೊಲಕ್ಕೆ ಬರಲು ಇಷ್ಟು ಕಾಲ ಹಿಡಿಯಬೇಕಾಗಿತ್ತೆ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಕರ್ನಾಟಕದಲ್ಲಿ ಈ ಪ್ರಯತ್ನ ನಡೆದೇ ಇಲ್ಲವೆನ್ನಲಾಗದು. ಭದ್ರಾ ಅಚ್ಚುಕಟ್ಟಿನಲ್ಲಿ ಎಷ್ಟು ನೆಲಕ್ಕೆ ನೀರು ಮುಟ್ಟಿತು, ಭತ್ತ ಎಷ್ಟು, ಇಳುವರಿ ಎಲ್ಲಿ ಹೆಚ್ಚು ಎಲ್ಲಿ ಕಡಮೆ ಎಂಬುದನ್ನು ಉಪಗ್ರಹದ ಚಿತ್ರಗಳಿಂದ ವರ್ಷ ವರ್ಷಕ್ಕೂ ನೋಡಿದ ತಿರುವೇಂಗಡಾಚಾರಿ, ಶಕ್ತಿವಡಿವೇಲ್ ಎಂಬಿಬ್ಬರ ವರದಿ 1997ರಲ್ಲಿಯೇ ಹೊರಬಂತು. ಅಲ್ಲಿ ಒಂದು ಅನುಕೂಲವಿತ್ತು: ನಾಲೆಯ ನೀರು ಅಣೆಕಟ್ಟಿನ ಬಾಗಿಲಿನಲ್ಲಿ ಅಳತೆಯಾಗಿಯೇ ಹೊರಡುತ್ತದೆ. ಗುಂಡ್ಲುಪೇಟೆಯ ಕಡೆ ಬೇರಂಬಾಡಿಯಲ್ಲಿ ಇಂಥ ಬಾಗಿಲಿಲ್ಲ, ಅಲ್ಲಿಯೂ ನಮ್ಮಂತೆ ಕೊಳವೆಬಾವಿಯ ಬೇಸಾಯ. ಸುಮಾರು 84 ಚದರ ಕಿಲೋಮೀಟರಿನ ಆ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಬಹುಕಾಲದಿಂದ ಕೆಲಸ ಮಾಡುತ್ತಿದ್ದಾರೆ. ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಕಾಲು ಶತಮಾನದಷ್ಟು ಹಿಂದಕ್ಕೆ ತಿರುವಿ, ಯಾವ ವರ್ಷ ಯಾವ ಹೊಲಕ್ಕೆ ನೀರಾವರಿಯಾಗಿತ್ತೆಂಬ ಚರಿತ್ರೆಯನ್ನು ಬರೆದು 2018ರಲ್ಲಿ ಪ್ರಕಟಿಸಿದ್ದಾರೆ. ಅದರ ತರ್ಕ ಸರಳವಾದದ್ದು. ಮಾಘ ಫಾಲ್ಗುಣಗಳಲ್ಲಿ ಮಳೆಯಿಲ್ಲ. ಆಗಲೂ ಹೊಲ ಹಸುರಾಗಿದ್ದರೆ ಅದಕ್ಕೆ ಯಾರೋ ನೀರು ಕೊಟ್ಟಿರಲೇಬೇಕು.

ಈ ತರ್ಕವನ್ನು ನಮ್ಮ ಸೀಮೆಗೆ ತರುವಾಗ ಒಂದು ಎಚ್ಚರಿಕೆ ಬೇಕು. ಮಾಘದಲ್ಲಿ ಹಸುರಾಗಿರುವುದೆಲ್ಲ ನಮ್ಮಲ್ಲಿ ನೀರಾವರಿಯಲ್ಲ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರಗಳ ದಿಣ್ಣೆಗಳ ಮೇಲೆ ನೀಲಗಿರಿ ನೆಟ್ಟವರು ಬಹಳ. ಸರಕಾರ 2017ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿತು, ಆದರೆ ನೀಲಗಿರಿ ಕಡಿದರೂ ಬುಡದಿಂದ ಚಿಗುರುವ ಮರ. ಅದಕ್ಕೆ ಯಾರೂ ಒಂದು ಕೊಡ ನೀರನ್ನೂ ಹಾಕುವುದಿಲ್ಲ. ಉಪಗ್ರಹದ ಲೆಕ್ಕದಲ್ಲಿ ಮಾತ್ರ ಅದು ಬೇಸಗೆಯಲ್ಲಿಯೂ ಬೆವರುತ್ತಿರುವುದು ಕಾಣುತ್ತದೆ, ಬೇರು ಆಳಕ್ಕೆ ಇಳಿದು ತೇವವನ್ನು ಹೀರುತ್ತಿರುತ್ತದೆ. ಅರ್ಕಾವತಿ ಏಕೆ ಬತ್ತಿತೆಂದು ಶೋಧಿಸಿ ಬೆಂಗಳೂರಿನ ಏಟ್ರೀ ಸಂಸ್ಥೆಯವರೂ ಅವರ ಜೊತೆಗಾರರೂ 2015ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಳೆ ಕಡಮೆಯಾದದ್ದು ಕಾರಣವೆನ್ನಲು ಆಧಾರ ಸಾಲದೆಂದೂ, ಅಂತರ್ಜಲವನ್ನು ಎತ್ತಿದ್ದು ಮತ್ತು ನೀಲಗಿರಿ ತೋಪುಗಳು ಮುಖ್ಯ ಕಾರಣಗಳಾಗಿರುವ ಸಂಭವ ಹೆಚ್ಚೆಂದೂ ಹೇಳಿದರು. ನಂದಿಬೆಟ್ಟದ ಆ ಕಡೆ ಹರಿಯುವುದು ಅರ್ಕಾವತಿ, ಈ ಕಡೆ ನಮ್ಮತ್ತ ಬಂದು ಹೊಸಕೋಟೆ ಕೆರೆಯನ್ನು ಸೇರುವುದು ದಕ್ಷಿಣ ಪಿನಾಕಿನಿ. ಒಂದರ ಮಾತು ಇನ್ನೊಂದಕ್ಕೆ ಬಹುಮಟ್ಟಿಗೆ ಅನ್ವಯಿಸುತ್ತದೆಂದು ನನ್ನ ಅಭಿಪ್ರಾಯ. ಅಂತೂ ನೀಲಗಿರಿಯನ್ನು ಬಿಡಿಸದೆ ಲೆಕ್ಕ ಮಾಡಿದರೆ, ತೋಪಿನ ಬೆವರು ತೋಟದವನ ತಲೆಗೆ ಬರುತ್ತದೆ.

ಪ್ಲಾಸ್ಟಿಕ್ ಮನೆಗಳದು ಇದಕ್ಕೆ ತದ್ವಿರುದ್ಧ. ಗುಲಾಬಿ, ಜರ್ಬೆರಾ, ದೊಣ್ಣೆಮೆಣಸಿನಕಾಯಿ ಬೆಳೆಯಲು ನಮ್ಮ ಸುತ್ತ ಬಿಳಿಯ ಹೊದಿಕೆಯ ಪಾಲಿಹೌಸುಗಳು ಎದ್ದಿವೆ. ಮೇಲಿನಿಂದ ನೋಡುವ ಕಣ್ಣಿಗೆ ಕಾಣುವುದು ಪ್ಲಾಸ್ಟಿಕ್ಕು. ಒಳಗಿನ ಹಸುರೂ ಕಾಣದು, ತಂಪೂ ಕಾಣದು. ಸಸ್ಯಸೂಚಿ ಅದನ್ನು ಬರಡುನೆಲವೆಂದು ಬರೆದುಕೊಂಡು ಮುಂದೆ ಹೋಗುತ್ತದೆ.

ಈಗ ಮುಖ್ಯವಾದ ಭೇದಕ್ಕೆ ಬರುತ್ತೇನೆ. ಉಪಗ್ರಹ ಕಾಣುವುದು ಆವಿಯಾಗಿ ಹೋದ ನೀರನ್ನು. ಬಾವಿಯಿಂದ ಎತ್ತಿದ ನೀರನ್ನಲ್ಲ. ಇವೆರಡೂ ಒಂದೇ ಎಂದು ತಿಳಿದು ಮಾತನಾಡುವವರು ವಿದ್ಯಾವಂತರಲ್ಲಿಯೂ ಇದ್ದಾರೆ. ಮೇಲೆ ಹೇಳಿದ ನಾಲ್ಕು ಮಿಲಿಮೀಟರಿನ ತೋಟವನ್ನೇ ತೆಗೆದುಕೊಳ್ಳಿ. ಹನಿ ನೀರಾವರಿಯಲ್ಲಿ ಕೊಟ್ಟದ್ದರ ನೂರಕ್ಕೆ ತೊಂಬತ್ತು ಪಾಲು ಗಿಡಕ್ಕೆ ಸಂದಿತೆಂದರೆ, ಎಕರೆಗೆ ಎತ್ತಬೇಕಾದದ್ದು ದಿನಕ್ಕೆ ಹದಿನೆಂಟು ಸಾವಿರ ಲೀಟರು. ಕಾಲುವೆ ತೋಡಿ ಹಾಯಿಸಿ, ನೂರಕ್ಕೆ ಅರವತ್ತು ಮಾತ್ರ ಗಿಡಕ್ಕೆ ಸೇರಿತೆಂದರೆ ಇಪ್ಪತ್ತೇಳು ಸಾವಿರ. ಮೇಲಿನಿಂದ ನೋಡಿದರೆ ಎರಡು ತೋಟವೂ ಒಂದೇ. ಎತ್ತಿದ್ದೆಷ್ಟು ಎಂಬುದನ್ನು ಹೇಳಬೇಕಾದರೆ ಯಾರ ಹೊಲದಲ್ಲಿ ಯಾವ ಪದ್ಧತಿ ಎಂಬುದನ್ನು ಕಾಲ್ನಡಿಗೆಯಲ್ಲಿ ಹೋಗಿ ತಿಳಿದೇ ಬರಬೇಕು. ಮಳೆ ಬಂದ ತಿಂಗಳಿನಲ್ಲಿ ಬೆಳೆ ಕುಡಿದ ನೀರಿನಲ್ಲಿ ಮಳೆಯ ಪಾಲೆಷ್ಟು ಎಂಬುದನ್ನೂ ಕಳೆಯಬೇಕು. ವರ್ಷಕ್ಕೆ ಎಂಟುನೂರು ಮಿಲಿಮೀಟರಿನ ಆಸುಪಾಸು ಮಳೆಯಾಗುವ ನಮ್ಮಲ್ಲಿ ಇದು ಸಣ್ಣ ಬಾಬಲ್ಲ. ಮಳೆಯ ಮೇಲೆಯೇ ಬೆಳೆಯುವ ರಾಗಿಯನ್ನು ನೀರಾವರಿಯ ಲೆಕ್ಕಕ್ಕೆ ಸೇರಿಸಿದರೆ ಅನ್ಯಾಯವಾದೀತು.

ಹನಿ ನೀರಾವರಿಯಿಂದ ಉಳಿಯಿತೆನ್ನುವ ಒಂಬತ್ತು ಸಾವಿರ ಲೀಟರು ಎಲ್ಲಿಗೆ ಹೋಗುತ್ತದೆ? ಹಾಯಿಸುವ ಪದ್ಧತಿಯಲ್ಲಿ ಅದರ ಒಂದು ಪಾಲು ಮಣ್ಣಿನೊಳಕ್ಕೆ ಇಳಿದು, ನಿಧಾನವಾಗಿಯಾದರೂ ಕೆಳಕ್ಕೆ ಹೋಗುತ್ತಿತ್ತು. ಹನಿಯಲ್ಲಿ ಅದನ್ನು ಎತ್ತುವುದೇ ಇಲ್ಲವಾದರೆ ಬಾವಿಗೆ ಲಾಭ. ಆದರೆ ನಮ್ಮವರಲ್ಲಿ ಆ ನೀರನ್ನು ಎತ್ತದೆ ಬಿಟ್ಟವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಪಕ್ಕದ ಅರ್ಧ ಎಕರೆಗೂ ಕೊಳವೆ ಎಳೆಯುತ್ತಾರೆ. ಅದು ಅವರ ಜೀವನೋಪಾಯ, ತಪ್ಪೆನ್ನಲಾರೆ. ಆಗ ಊರಿನಲ್ಲಿ ಆವಿಯಾಗಿ ಹೋಗುವ ನೀರು ಒಟ್ಟಿನಲ್ಲಿ ಹೆಚ್ಚುತ್ತದೆ. ಪಂಪಿನ ಬಳಿ ನಿಂತು ನೋಡಿದವನಿಗೆ ಇದು ತಿಳಿಯದು. ಉಪಗ್ರಹದ ಚಿತ್ರವನ್ನು ಐದು ವರ್ಷದ್ದು ಪಕ್ಕಪಕ್ಕದಲ್ಲಿಟ್ಟರೆ ಮಾತ್ರ ಹಸುರಿನ ಅಂಚು ಒಣಹೊಲದ ಕಡೆಗೆ ಸರಿಯುತ್ತಿರುವುದು ಕಾಣುತ್ತದೆ. ಈ ಒಂದು ಉಪಕಾರಕ್ಕಾಗಿಯಾದರೂ ಈ ವಿದ್ಯೆ ನಮಗೆ ಬೇಕು.

ಹಾಗಾದರೆ ಇದರ ಮೇಲೆ ತೆರಿಗೆ ಬರುತ್ತದೆಯೆ, ದಂಡ ಬರುತ್ತದೆಯೆ ಎಂಬುದು ರೈತರು ಮೊದಲು ಕೇಳುವ ಪ್ರಶ್ನೆ. ಕೇಳುವುದು ನ್ಯಾಯವೇ. ಅಮೆರಿಕದ ಪಶ್ಚಿಮ ರಾಜ್ಯಗಳಿಗಾಗಿ 2021ರಲ್ಲಿ ತೆರೆದ ಓಪನ್‌ಇಟಿ ಎಂಬ ಸಾರ್ವಜನಿಕ ಏರ್ಪಾಟಿನ ಲೆಕ್ಕವನ್ನು ಹೊಲದಲ್ಲಿ ಇಟ್ಟ ಉಪಕರಣಗಳೊಡನೆ ಹೋಲಿಸಿ ನೋಡಿದ್ದಾರೆ. ಬೆಳೆಯ ಹೊಲಗಳಲ್ಲಿ, ತಿಂಗಳ ಲೆಕ್ಕದಲ್ಲಿ, ವ್ಯತ್ಯಾಸ ನೂರಕ್ಕೆ ಹತ್ತರಿಂದ ಇಪ್ಪತ್ತರವರೆಗೆ ಇರಬಹುದೆಂದು ಕಂಡುಬಂದಿದೆ. ಅಲ್ಲಿಯ ದೊಡ್ಡ ಹೊಲಗಳಲ್ಲಿಯೇ ಇಷ್ಟು. ನಮ್ಮ ತುಂಡು ಹಿಡುವಳಿಗಳಲ್ಲಿ ಅದಕ್ಕಿಂತ ಹೆಚ್ಚೆಂದು ಎಣಿಸುವುದು ಕ್ಷೇಮ. ಆವಿಯ ಲೆಕ್ಕದಿಂದ ಎತ್ತಿದ ನೀರಿಗೆ ಹೋಗುವಾಗ ಇನ್ನಷ್ಟು ಸೇರುತ್ತದೆ. ಇಷ್ಟು ತಪ್ಪುವ ತಕ್ಕಡಿಯಲ್ಲಿ ಒಬ್ಬ ರೈತನ ಒಂದು ಎಕರೆಯನ್ನು ತೂಗಿ ಅವನಿಗೆ ದಂಡ ಹಾಕುವುದು ಸಲ್ಲದು. ಆದರೆ ಒಂದು ಗ್ರಾಮದ ಸಾವಿರ ಎಕರೆಯನ್ನು ಒಟ್ಟಿಗೆ ತೂಗುವಾಗ ಒಬ್ಬನ ಹೆಚ್ಚು ಇನ್ನೊಬ್ಬನ ಕಡಮೆಯೊಡನೆ ಬಹುಪಾಲು ಸರಿದೂಗುತ್ತದೆ. ಹೋದ ವರ್ಷದ ಚಿತ್ರವನ್ನೂ ಈ ವರ್ಷದ್ದನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ತಕ್ಕಡಿಯ ದೋಷ ಎರಡಕ್ಕೂ ಸಮನಾಗಿ, ಏರಿತೋ ಇಳಿಯಿತೋ ಎಂಬುದು ನಂಬತಕ್ಕಷ್ಟು ತಿಳಿಯುತ್ತದೆ. ಗ್ರಾಮಕ್ಕೆ ಬೇಕಾದದ್ದೂ ಅಷ್ಟೇ.

ಇನ್ನೊಂದು ಅನ್ಯಾಯದ ಮಾತನ್ನು ಹೇಳದೆ ಇರಲಾರೆ. ತೋಟದ ನೀರು ಹಸುರಾಗಿ ಕಾಣುತ್ತದೆ, ತಂಪಾಗಿ ಕಾಣುತ್ತದೆ, ಆದ್ದರಿಂದ ಲೆಕ್ಕಕ್ಕೆ ಸಿಗುತ್ತದೆ. ಬೂದಿಗೆರೆ ಕ್ರಾಸಿನ ಸುತ್ತ ಎದ್ದಿರುವ ಬಹುಮಹಡಿಯ ಮನೆಗಳಿಗಾಗಿ ಕೊಳವೆಬಾವಿಯಿಂದ ಟ್ಯಾಂಕರಿಗೆ ತುಂಬಿದ ನೀರು ಆಕಾಶದಿಂದ ಕಾಣುವುದಿಲ್ಲ. ಅದು ಚರಂಡಿಯಲ್ಲಿ ಹೋಗುತ್ತದೆ, ಆವಿಯಾಗಿ ಹೋಗುವುದು ಸ್ವಲ್ಪವೇ. ಕಾರ್ಖಾನೆಯ ಬಾವಿಯೂ ಹೀಗೆಯೇ. ಉಪಗ್ರಹದ ನಕಾಶೆಯೊಂದನ್ನೇ ಗೋಡೆಗೆ ತೂಗುಹಾಕಿ ನೋಡಿದರೆ, ಈ ಸೀಮೆಯ ನೀರನ್ನೆಲ್ಲ ದ್ರಾಕ್ಷಿ ಹಿಪ್ಪುನೇರಳೆಯವರೇ ಕು ಡಿದರೆಂಬ ಭಾವನೆ ಬರುತ್ತದೆ. ಟ್ಯಾಂಕರುಗಳನ್ನು ರಸ್ತೆಯ ಬದಿಯಲ್ಲಿ ಕುಳಿತು ಎಣಿಸಬೇಕು, ಅದಕ್ಕೆ ರಾಕೆಟ್ಟು ಬೇಕಾಗಿಲ್ಲ.

2019ರ ಡಿಸೆಂಬರಿನಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಅಟಲ್ ಭೂಜಲ ಯೋಜನೆ ಆರಂಭವಾದಾಗ, ಪಂಚಾಯತಿಯ ಮಟ್ಟದಲ್ಲಿ ನೀರಿನ ಆಯವ್ಯಯ ಬರೆಯಬೇಕೆಂಬುದು ಅದರ ಒಂದು ಅಂಗವಾಗಿತ್ತು. ಆಯದ ಕಡೆ ಮಳೆಮಾಪಕವುಂಟು. ವ್ಯಯದ ಕಡೆಗೆ ಈ ಚಿತ್ರ ಒದಗಬಹುದು, ಆದರೆ ಅದನ್ನು ನೆಲದ ಮೇಲೆ ಒರೆಗೆ ಹಚ್ಚಿದ ಮೇಲೆ. ಒರೆಗೆ ಹಚ್ಚುವ ಕೆಲಸಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಪ್ರೌಢಶಾಲೆಯ ಮಕ್ಕಳು ಮಾಡಬಹುದು. ಇನ್ನೂರು ಲೀಟರಿನ ಒಂದು ಪೀಪಾಯಿ, ಒಂದು ಗಡಿಯಾರ, ಒಂದು ನೋಟುಪುಸ್ತಕ. ಪೀಪಾಯಿ ಎರಡು ನಿಮಿಷದಲ್ಲಿ ತುಂಬಿತೆನ್ನಿ. ಗಂಟೆಗೆ ಆರು ಸಾವಿರ ಲೀಟರು. ಪಂಪು ಐದು ಗಂಟೆ ನಡೆಯಿತೆನ್ನಿ; ಮೂವತ್ತು ಸಾವಿರ. ತೋಟ ಎರಡು ಎಕರೆಯಾದರೆ ಎಕರೆಗೆ ಹದಿನೈದು ಸಾವಿರ, ಎಂದರೆ ಸುಮಾರು ಮೂರು ಮುಕ್ಕಾಲು ಮಿಲಿಮೀಟರು. ಅದರಲ್ಲಿ ಗಿಡಕ್ಕೆ ಸಲ್ಲುವ ಪಾಲನ್ನು ತೆಗೆದು, ಅದೇ ತೋಟಕ್ಕೆ ಅದೇ ವಾರ ಉಪಗ್ರಹ ಎಷ್ಟು ಹೇಳುತ್ತದೆಂದು ನೋಡಬೇಕು. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಯಾರಿಗಾದರೂ ಹಣವಿಲ್ಲದೆ ದೊರೆಯುತ್ತಿವೆ, ಸೆಂಟಿನೆಲ್ ಚಿತ್ರಗಳೂ ಹಾಗೆಯೇ. ಇಂಥ ಇಪ್ಪತ್ತು ತೋಟಗಳ ಲೆಕ್ಕ ಒಂದೊಂದು ಗ್ರಾಮದಲ್ಲಿ ಕೂಡಿದರೆ, ಚಿತ್ರದ ಮಾತಿನಲ್ಲಿ ಎಷ್ಟನ್ನು ನಂಬಬೇಕು ಎಷ್ಟನ್ನು ಕಳೆಯಬೇಕು ಎಂಬುದು ಗ್ರಾಮದವರಿಗೇ ಗೊತ್ತಾಗುತ್ತದೆ. ಹೊರಗಿನವರು ಬಂದು ಹೇಳುವ ತನಕ ಕಾಯಬೇಕಾಗಿಲ್ಲ.

ಇದಕ್ಕೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲ ಅನುಕೂಲವಾದದ್ದು. ಆಗ ಆಕಾಶ ತಿಳಿಯಾಗಿರುತ್ತದೆ, ರಾಗಿ ಕಣ ಮುಗಿದು ಹೊಲಗಳು ಒಣಗಿರುತ್ತವೆ, ನೀರು ಕೊಟ್ಟ ತೋಟ ಎದ್ದು ಕಾಣುತ್ತದೆ. ಐದು ದಿನಕ್ಕೊಮ್ಮೆ ಎಂದರೂ ಆ ಅವಧಿಯಲ್ಲಿ ಹದಿನಾಲ್ಕು ಹದಿನೈದು ಚಿತ್ರಗಳಿಗೆ ಮೋಸವಿಲ್ಲ. ಉಪಗ್ರಹ ಹಾದುಹೋಗುವುದು ಬೆಳಗ್ಗೆ ಹತ್ತು ಹತ್ತೂವರೆ ಗಂಟೆಗೆ, ಶಾಲೆಯಲ್ಲಿ ಮೊದಲನೆಯ ಪಾಠ ನಡೆಯುತ್ತಿರುವ ಹೊತ್ತಿಗೆ. ಪೀಪಾಯಿಯನ್ನು ಮಾತ್ರ ಕರೆಂಟು ಬಂದಾಗ ಇಡಬೇಕು, ಅದು ರಾತ್ರಿಯ ಪಾಳಿಯಾದರೆ ರಾತ್ರಿಯೇ.